ಬಿಳಿ ಊರಿನ ಮಬ್ಬು

ಬೆಳಗಿನ ಏಳು ಗಂಟೆಯಾಯಿತೆಂದರೆ ಇಂದ್ರಾಣಿಯ ಕಿವಿಯೊಳಗೆ ಇನ್ನೂರ ಹದಿನಾರು ಊರುಗಳು ಒಂದರ ಹಿಂದೊಂದು ಬಾಯಿ ಬಿಡುತ್ತಿದ್ದವು.

"ಹಿರೀಕೆರೆಹುಂಡಿ, ಹೇಳಿ ಅಣ್ಣ, ಹೆಂಗದೆ?"

"ಹೆಂಗಿರ್ತದವ್ವ? ಹೊಗೆ. ಎದುರುಮನೆ ಚೆನ್ನಂಜಿ ಮೂತಿನೇ ಕಾಣ್ತಿಲ್ಲ ಕನವ್ವ. ಅದೊಂದು ಉಪಕಾರ ಆಗದೆ."

ಇಂದ್ರಾಣಿ ನಾಲ್ಕನೇ ಗುಂಡಿ ಒತ್ತಿದಳು. ನಾಲ್ಕು ಎಂದರೆ ಹೊಗೆ. ಒಂದು ತಿಳಿ, ಎರಡು ಮಂಜು, ಮೂರು ಮೋಡ. ಅವಳ ಮುಂದೆ ಇದ್ದದ್ದು ಆ ನಾಲ್ಕು ಗುಂಡಿಗಳು ಮತ್ತು ಒಂದು ಹೆಡ್‌ಫೋನು. ಎದುರಿನ ಗೋಡೆಯ ತುಂಬ ಮಾತ್ರ ಇಡೀ ಸೀಮೆಯ ಚಿತ್ರ ಹರಡಿಕೊಂಡಿರುತ್ತಿತ್ತು. ಆಕಾಶದಲ್ಲಿ ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ನಿಂತ ಉಪಗ್ರಹ ಹತ್ತು ನಿಮಿಷಕ್ಕೊಮ್ಮೆ ತೆಗೆದು ಕಳಿಸುತ್ತಿದ್ದ ಚಿತ್ರ ಅದು.

ಗುಂಡ್ಲುಪೇಟೆಯಿಂದ ಎರಡು ಮೈಲಿ ಆಚೆ, ಹಿಂದೆ ಚೆಂಡುಹೂವು ಒಣಗಿಸುತ್ತಿದ್ದ ಗೋದಾಮಿನಲ್ಲಿ ಗಡಿಸೀಮೆ ಹೊಗೆ ಕೇಂದ್ರ ನಡೆಯುತ್ತಿತ್ತು. ಒಳಗಿನ ಮೂಲೆಗಳಲ್ಲಿ ಇವತ್ತಿಗೂ ಹೂವಿನ ವಾಸನೆ ಬರುತ್ತದೆ ಎಂದು ಹಳಬರು ಹೇಳುತ್ತಿದ್ದರು. ಇಂದ್ರಾಣಿಗೆ ವಾಸನೆ ತಿಳಿಯುವುದು ನಿಂತು ಮೂರು ವರ್ಷವಾಗಿತ್ತು. ಹೇಳಿದವರ ಮಾತನ್ನು ನಂಬಿಕೊಂಡಿದ್ದಳು, ಅಷ್ಟೆ.

ಮೂರು ರಾಜ್ಯಗಳ ಕಾಡು ಕೂಡುವ ಜಾಗದಲ್ಲಿ ಡಿಸೆಂಬರಿಗೆ ಹತ್ತಿಕೊಂಡ ಬೆಂಕಿ ಜುಲೈವರೆಗೂ ಆರದ ಕಾಲ ಬಂದಿತ್ತು. ಮಳೆಗಾಲ, ಚಳಿಗಾಲ ಎನ್ನುವ ಹಾಗೆಯೇ ಜನ ಬೆಂಕಿಗಾಲ ಎನ್ನುತ್ತಿದ್ದರು. ಬೆಂಕಿ ಆರಿಸುವ ಆಸೆಯನ್ನು ಸರ್ಕಾರ ಯಾವಾಗಲೋ ಬಿಟ್ಟು, ಹೊಗೆ ಎತ್ತ ಹೋಗುತ್ತದೆಂದು ಹೇಳುವ ಕೆಲಸ ಹಿಡಿದಿತ್ತು. ಹೊಗೆ ನಕ್ಷೆ ದಿನಕ್ಕೆ ನಾಲ್ಕು ಸಲ ಎಲ್ಲರ ಫೋನಿಗೂ ಬರುತ್ತಿತ್ತು. ಬಿಳಿ ಎಂದರೆ ಉಸಿರಾಡಬಹುದು. ಹಳದಿ ಎಂದರೆ ಬಾಯಿಗೆ ಬಟ್ಟೆ, ಕಂದು ಎಂದರೆ ಬಾಗಿಲು ಹಾಕು. ಕಪ್ಪು ಎಂದರೆ ಬಸ್ಸು ಸಹ ನಿಂತಲ್ಲೇ ನಿಲ್ಲಬೇಕು. ಜನ ಅದಕ್ಕೂ ಒಗ್ಗಿಕೊಂಡರು. ಮದುವೆ ಪತ್ರಿಕೆಯಲ್ಲಿ ಮುಹೂರ್ತದ ಕೆಳಗೆ "ಕಂದು ಬಿದ್ದರೆ ಮರುದಿನ ಅದೇ ವೇಳೆಗೆ" ಎಂದು ಅಚ್ಚಾಗತೊಡಗಿತು. ಹಸುಗಳ ಮೂತಿಗೂ ಗೋಣಿಚೀಲದ ಚಿಕ್ಕ ಚೀಲ ಬಂತು. "ಊಟ ಆಯ್ತಾ" ಎಂದು ಕೇಳುತ್ತಿದ್ದವರು "ನಿಮ್ದು ಇವತ್ತು ಯಾವ ಬಣ್ಣ" ಎಂದು ಕೇಳುವಂತಾದರು.

ಉಪಗ್ರಹಕ್ಕೆ ಒಂದು ಕಷ್ಟವಿತ್ತು. ಬೆಂಕಿಯನ್ನು ಅದು ಬಿಸಿಯಿಂದಲೇ ಹಿಡಿಯುತ್ತದೆ. ಹೊಸ ಹೊಗೆಯೂ ಬಾಲ ಬೀಸಿಕೊಂಡು ಹೋಗುವುದು ಚೆನ್ನಾಗಿ ಕಾಣುತ್ತದೆ. ಆದರೆ ನಾಲ್ಕೈದು ದಿನ ಹಳೆಯ ಹೊಗೆ ತೆಳ್ಳಗಾಗಿ, ಇಳಿದು, ಬೆಳಗಿನ ತೇವ ಕುಡಿದು ಉಬ್ಬಿ ಹೊಲದ ಮೇಲೆ ಮಲಗಿದಾಗ, ಅಷ್ಟು ಎತ್ತರದಿಂದ ನೋಡುವವರಿಗೆ ಅದೂ ಒಂದೇ, ಮಂಜೂ ಒಂದೇ. ಎರಡೂ ಬಿಳಿಚಿದ ಹಾಳೆ. ಊರೂರಿಗೆ ಹಾಕಿದ್ದ ಅಳತೆಯ ಪೆಟ್ಟಿಗೆಗಳು ಒಂದೇ ವರ್ಷದಲ್ಲಿ ಮಸಿ ಕಟ್ಟಿಕೊಂಡು ಸತ್ತಿದ್ದವು. ಹಾಗಾಗಿ ಕೇಂದ್ರದವರು ಮನುಷ್ಯರನ್ನೇ ಹಿಡಿದರು. ಊರಿಗೊಬ್ಬರು ದಿನಾ ಬೆಳಿಗ್ಗೆ ಬಾಗಿಲು ತೆಗೆದು ಹೊರಗೆ ನೋಡಿ ಕಂಡದ್ದನ್ನು ಫೋನಿನಲ್ಲಿ ಹೇಳಬೇಕು. ಇಂದ್ರಾಣಿಯಂಥವರು ಅದನ್ನು ಗುಂಡಿಯಲ್ಲಿ ಒತ್ತಬೇಕು. ಯಂತ್ರವು ಮಾತನ್ನೂ ಚಿತ್ರವನ್ನೂ ಜೋಡಿಸಿ ನೋಡುತ್ತ ನೋಡುತ್ತ, ಇಂಥ ಹಾಳೆ ಹೊಗೆ, ಇಂಥದು ಮಂಜು ಎಂದು ತಾನೇ ಕಲಿಯುತ್ತಿತ್ತು.

"ಕೊತ್ತನಹುಂಡಿ, ಹೇಳಿ ಅತ್ತೆ."

"ಮಬ್ಬು ಕನವ್ವ."

"ಕೂಸು ಎದ್ಲಾ?"

"ಸರ್ಕಾರಿ ಫೋನಲ್ಲಿ ಮನೆ ಮಾತಾಡಬ್ಯಾಡಿ ಅಂತ ನಿಮ್ ಸಾಯೇಬ್ರೆ ಹೇಳವ್ರೆ. ಮಬ್ಬು, ಬರ್ಕೊ." ಒಂದು ಕೆಮ್ಮು. "ಎದ್ದವಳೆ. ಹಲ್ಲುಜ್ಜದೆ ರೊಟ್ಟಿ ಕೇಳ್ತಾವಳೆ, ಥೇಟ್ ಅವರಪ್ಪ."

ಇಂದ್ರಾಣಿ ನಗುತ್ತ ಎರಡನೇ ಗುಂಡಿ ಒತ್ತಿದಳು. ಗೋಡೆಯ ಮೇಲಿನ ಹೊಗೆ ನಕ್ಷೆಯಲ್ಲಿ ಕೊತ್ತನಹುಂಡಿ ಎಂದಿನಂತೆ ಬೆಳ್ಳಗಿತ್ತು.

ಆ ಬಿಳಿಯನ್ನು ನೋಡಿಯೇ ಅವಳು ನಾಲ್ಕು ವರ್ಷದ ಹಿಂದೆ ಮಗಳು ಧನ್ವಿಯನ್ನು ಅತ್ತೆ ಮರಿಮಲ್ಲಮ್ಮನ ಹತ್ತಿರ ಬಿಟ್ಟಿದ್ದಳು. ಮೂರು ವರ್ಷದ ಮಗು ಗುಂಡ್ಲುಪೇಟೆಯ ಬಾಡಿಗೆ ಮನೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಉಸಿರೆಳೆಯುತ್ತಿತ್ತು. "ಬಿಳಿ ಊರಲ್ಲಿ ಯಾರಾದ್ರೂ ಇದ್ದಾರಾ? ಇದ್ದರೆ ಕಳಿಸಿಬಿಡಿ" ಎಂದಿದ್ದರು ಡಾಕ್ಟರು. ಇದ್ದರು. ಆ ಸೀಮೆಯಲ್ಲೆಲ್ಲ ಬಿಳಿ ಇದ್ದದ್ದು ಇಪ್ಪತ್ತಮೂರು ಊರು, ಎಲ್ಲವೂ ಬೆಟ್ಟದ ಸಂದಿನ ಕಣಿವೆಯ ಊರುಗಳು. ಅವುಗಳಲ್ಲಿ ಎಲ್ಲಕ್ಕಿಂತ ಬಿಳಿ ಕೊತ್ತನಹುಂಡಿ. ಆಮೇಲೆ ಸರ್ಕಾರವೇ ಬಿಳಿ ಊರುಗಳಲ್ಲೆಲ್ಲ ವಸತಿಶಾಲೆ ತೆರೆಯಿತು, ಕೊತ್ತನಹುಂಡಿಯಲ್ಲೂ ಒಂದು. ಉಸಿರಿನ ಕಾಯಿಲೆಯ ಮಕ್ಕಳನ್ನು ಎಲ್ಲೆಲ್ಲಿಂದಲೋ ತಂದು ಬಿಟ್ಟುಹೋದರು. ತಾಯಂದಿರು ಗೇಟಿನ ಬಳಿ ಅತ್ತು, ಬಸ್ಸಿನಲ್ಲಿ ಅತ್ತು, ಮನೆಗೆ ಹೋಗಿ ನಕ್ಷೆ ತೆಗೆದು ಆ ಬಿಳಿ ಚುಕ್ಕೆ ನೋಡಿ ಕಣ್ಣೊರೆಸಿಕೊಂಡರು.

ಇಂದ್ರಾಣಿಗೆ ಬೆಂಕಿಗಾಲದಲ್ಲಿ ರಜೆಯಿಲ್ಲ. ಭಾನುವಾರ ಬೆಳಗಿನ ಪಾಳಿ ಮುಗಿಸಿ ಹನ್ನೆರಡರ ಬಸ್ಸು ಹತ್ತುವಳು. ಎರಡು ಗಂಟೆಗೆ ಊರು ಮುಟ್ಟಿ, ಮಗಳ ತಲೆ ಬಾಚಿ, ತೊಡೆಯ ಮೇಲೆ ಮಲಗಿಸಿಕೊಂಡು, ಐದರ ಬಸ್ಸಿಗೆ ವಾಪಸ್ಸು. ನಾಲ್ಕು ವರ್ಷದಿಂದ ಅವಳ ತಾಯ್ತನವೆಲ್ಲ ವಾರಕ್ಕೆ ಮೂರು ಗಂಟೆಯದು.

ಆ ಭಾನುವಾರ ಐದರ ಬಸ್ಸು ಹೊರಡಲಿಲ್ಲ. ಡ್ರೈವರು ಫೋನು ತೋರಿಸಿ, "ಮುಂದೆ ರೋಡೆಲ್ಲ ಕಪ್ಪು ಬಿದ್ದದೆ, ನಾಳೆ ಹತ್ತು ಗಂಟೆಗೇಯ" ಎಂದ. ಇಂದ್ರಾಣಿ ಕೇಂದ್ರಕ್ಕೆ ತಿಳಿಸಿ, ಒಳಗೊಳಗೇ ಹಿಗ್ಗುತ್ತ ಅತ್ತೆಯ ಮನೆಗೆ ವಾಪಸ್ಸಾದಳು. ಮಗಳ ಪಕ್ಕ ಮಲಗಿ ಬೆಳಗು ಮಾಡುವ ಭಾಗ್ಯ ಕಪ್ಪು ಹೊಗೆಯಿಂದ ಸಿಕ್ಕಿತ್ತು.

ಬೆಳಿಗ್ಗೆ ಅವಳನ್ನು ಎಬ್ಬಿಸಿದ್ದು ನೀರಿನ ಸದ್ದು. ಮರಿಮಲ್ಲಮ್ಮ ಬಕೆಟ್ಟಿನಲ್ಲಿ ಹಳೆ ಸೀರೆ ಅದ್ದಿ ಹಿಂಡಿ ಕಿಟಕಿಯ ಸಂದಿಗೆ ತುರುಕುತ್ತಿದ್ದಳು. ಬಾಗಿಲ ಬುಡಕ್ಕೆ ಇನ್ನೊಂದು ಸೀರೆ. ಪಕ್ಕದಲ್ಲಿ ಧನ್ವಿ ಕಣ್ಣು ಬಿಡದೆಯೇ ದಿಂಬಿನ ಕೆಳಗೆ ಕೈ ಹಾಕಿ, ಒಂದು ಬಟ್ಟೆ ಎಳೆದು, ಮೂಗು ಬಾಯಿ ಸೇರಿಸಿ ಹಿಂದಕ್ಕೆ ಗಂಟು ಹಾಕಿಕೊಂಡಳು. ಜಡೆ ಹೆಣೆದಷ್ಟೇ ಸಲೀಸಾಗಿ.

"ಅಮ್ಮ, ನೀನೂ ಕಟ್ಕೊ. ಮಬ್ಬು ಬಂತು."

ಮರಿಮಲ್ಲಮ್ಮ ಫೋನು ಹಿಡಿದು ಬಾಗಿಲನ್ನು ಒಂದಿಷ್ಟೇ ತೆರೆದು ಇಣುಕಿ, ತಟ್ಟನೆ ಮುಚ್ಚಿ, "ಕೊತ್ತನಹುಂಡಿ. ಮಬ್ಬು ಕನವ್ವ" ಎಂದು ವರದಿ ಕೊಟ್ಟಳು. ಆ ಕಡೆ ಇಂದ್ರಾಣಿಯ ಕುರ್ಚಿಯಲ್ಲಿ ಕೂತ ಇನ್ನ್ಯಾರೋ "ಆಯ್ತು ಅಜ್ಜಿ" ಎಂದಳು. ಆಗ ಅವಳ ಬೆರಳು ಯಾವ ಗುಂಡಿಗೆ ಹೋಗುತ್ತದೆಂದು ಇಂದ್ರಾಣಿಗೆ ಗೊತ್ತಿತ್ತು. ಅವಳಿಗೆ ಕೆಲಸ ಕಲಿಸಿದ್ದು ಇವಳೇ.

ಇಂದ್ರಾಣಿ ಎದ್ದು ಹೋಗಿ ಬಾಗಿಲು ತೆಗೆದಳು. ಬೀದಿ ಇರಲಿಲ್ಲ. ಎದುರಿಗೆ ಹಾಲಿಗೆ ಬೂದಿ ಕಲಸಿದಂಥ ಗೋಡೆ. ಒಂದೇ ಉಸಿರಿಗೆ ಗಂಟಲು ಕೆರೆದು, ಕಣ್ಣಲ್ಲಿ ನೀರು ಬಂತು. ಕೈ ಚಾಚಿದಳು. ಮಂಜಾಗಿದ್ದರೆ ಅಂಗೈ ಒದ್ದೆಯಾಗಬೇಕಿತ್ತು. ಅಂಗೈ ಒಣಗಿಯೇ ಇತ್ತು.

"ಬಾಕ್ಲಾಕೆ! ಒಳೀಕ್ ಬತ್ತದೆ!" ಮರಿಮಲ್ಲಮ್ಮ ಕೂಗಿದಳು.

"ಅತ್ತೆ, ಇದು ಮಂಜಲ್ಲ."

"ಮಂಜು ಅಂತ ಯಾರಂದ್ರು?"

"ನೀವೇ ದಿನಾ ಫೋನಲ್ಲಿ..."

"ನಾನು ಮಬ್ಬು ಅಂದೆ. ಮಂಜೆಲ್ಲಿ ಬಂತು? ಮಂಜ ನೋಡಿ ಆರು ವರ್ಸ ಆಯ್ತು. ಮೊದ್ಲು ಸಂಕ್ರಾಂತಿ ಹೊತ್ಗೆ ಬೀಳದು, ಅವರೆ ಗಿಡದ ಮ್ಯಾಲೆ ಮುತ್ತಿನಂಗೆ. ಈಗ ಎಲ್ಲದೆ?"

"ಹಂಗಾದ್ರೆ ಇದೇನು ಅಂತ ಸರಿಯಾಗಿ ಯಾಕೆ ಹೇಳಲಿಲ್ಲ?"

ಮರಿಮಲ್ಲಮ್ಮ ಸೊಸೆಯ ಮುಖವನ್ನೇ ನೋಡಿದಳು. "ಆ ಮಾತ ಈ ಮನೇಲಿ ಆಡು ಅಂತೀಯಾ? ನೀನು? ಹೊತ್ಗೆ ಮುಂಚೆ ಎದ್ದು, ಕೂಸಿನ ಮುಂದೆ? ಕತ್ಲಾದ ಮ್ಯಾಲೆ ಹಾವ ಹುಳ ಅನ್ನಕಿಲ್ವಾ? ಮೈ ಮ್ಯಾಲೆ ಗುಳ್ಳೆ ಎದ್ರೆ ಅಮ್ಮ ಬಂದವ್ಳೆ ಅನ್ನಕಿಲ್ವಾ? ಹಂಗೇಯ. ಊರಲ್ಲಿ ಯಾರೂ ಅನ್ನಕಿಲ್ಲ. ಸ್ಕೂಲಿನ ಮಕ್ಕಳಿಗೂ ಹೇಳ್ಕೊಟ್ಟಿದ್ದೀವಿ."

ಇಂದ್ರಾಣಿ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತಳು.

ಆ ಸೀಮೆಯಲ್ಲಿ ಯಾರಾದರೂ ಸತ್ತರೆ "ಹೊಗೆ ಹಾಕಿಸ್ಕೊಂಡ" ಎಂದು ಹಗುರವಾಗಿ ಅನ್ನುವುದುಂಟು. ಚಾವಡಿಯಲ್ಲಿ, ಟೀ ಅಂಗಡಿಯಲ್ಲಿ, ಇಸ್ಪೀಟಿನಾಟದಲ್ಲಿ ಸೋತವನಿಗೂ ಅದೇ ಮಾತು. ಆರು ವರ್ಷದ ಹಿಂದೆ ಕೊತ್ತನಹುಂಡಿಯ ಹನ್ನೊಂದು ಗಂಡಸರು ಬೆಂಕಿ ಕಾವಲಿಗೆ ಗುಡ್ಡ ಹತ್ತಿದರು. ಅವರಲ್ಲಿ ಇಂದ್ರಾಣಿಯ ಗಂಡ ಗುರುಮಲ್ಲುವೂ ಒಬ್ಬ. ಬೆಂಕಿ ಅವರ ಹತ್ತಿರಕ್ಕೂ ಬರಲಿಲ್ಲ. ಗಾಳಿ ತಿರುಗಿ ಹೊಗೆ ಕಣಿವೆಗೆ ಇಳಿಯಿತು. ಮೈಮೇಲೊಂದು ಸುಟ್ಟ ಗಾಯವಿಲ್ಲದೆ, ನಿದ್ದೆ ಹೋದವರ ಹಾಗೆ ಹನ್ನೊಂದು ಮಂದಿ ಸಿಕ್ಕರು. ಅವತ್ತಿನಿಂದ ಊರಿನಲ್ಲಿ ಮೊದಲು ಆ ಗೇಲಿ ಹೋಯಿತು, ಆಮೇಲೆ ಆ ಪದವೇ ಹೋಯಿತು. ಹೆಂಗಸರು ಒಲೆ ಊದುವಾಗಲೂ "ಮಬ್ಬು ಕವೀತು" ಎನ್ನತೊಡಗಿದರು.

ಇಂದ್ರಾಣಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವಳೂ ಆ ಊರಿನ ಸೊಸೆಯೇ. ಗೊತ್ತಿದ್ದದ್ದು ಮನೆಯಲ್ಲಿತ್ತು, ಗುಂಡಿಗಳು ಆಫೀಸಿನಲ್ಲಿದ್ದವು. ಆರು ವರ್ಷ ಅವೆರಡನ್ನೂ ಅವಳು ಒಂದೇ ಕಡೆ ಇಟ್ಟು ನೋಡಿರಲಿಲ್ಲ.

"ಅಮ್ಮ, ಯಾಕಳ್ತೀಯಾ?" ಧನ್ವಿ ಬಟ್ಟೆಯೊಳಗಿಂದ ಕೇಳಿದಳು. "ಕಣ್ಣುರೀತಾ? ನೀರು ಹಾಕ್ಕೋ. ಹತ್ ಗಂಟೆಗೆ ಬಿಡ್ತದೆ."

ಹತ್ತು ಗಂಟೆಗೆ ಬಿಡುತ್ತದೆ. ಬಿಸಿಲೇರಿದಾಗ ಹಾಳೆ ಮೇಲೇಳುತ್ತದೆ. ಇಂದ್ರಾಣಿ ಎರಡು ಗಂಟೆಗೆ ಬಸ್ಸಿಳಿದಾಗ ನಾಲ್ಕು ವರ್ಷವೂ ಊರು ಹೊಳೆಯುತ್ತಿತ್ತು.

ಕೇಂದ್ರದ ವಿಜ್ಞಾನಿ ಅಯ್ಯಣ್ಣ ಕಂದಕೂರ ಯಾದಗಿರಿ ಕಡೆಯವರು. ಚಹಾ ಎಂದರೆ ಪ್ರಾಣ ಬಿಡುವ, ಯಾರ ಮೇಲೂ ದನಿ ಏರಿಸದ ಮನುಷ್ಯ. ಹತ್ತರ ಬಸ್ಸಿಗೆ ವಾಪಸ್ಸಾದ ಇಂದ್ರಾಣಿ ಹೇಳಿ ಮುಗಿಸುವವರೆಗೂ ಅವರು ಕಪ್ಪನ್ನು ಕೈಯಲ್ಲೇ ಹಿಡಿದಿದ್ದರು. ಚಹಾ ಆರಿಹೋಯಿತು.

"ತಡೀರಿ ಅಕ್ಕಾರ, ತಡೀರಿ. ಮಬ್ಬು ಅಂದ್ರ ಮಂಜು ಅಂತ ನೀವೇ ಹೇಳಿದ್ರಲ್ರಿ?"

ಹೇಳಿದ್ದಳು. ಅದು ಅವಳು ಕೆಲಸಕ್ಕೆ ಸೇರಿದ ಮೊದಲ ವಾರ. ಗಂಡ ಸತ್ತದ್ದಕ್ಕೆ ಕೊಟ್ಟ ಕೆಲಸ, ಸತ್ತು ಇಪ್ಪತ್ತೇ ದಿನವಾಗಿತ್ತು. ಅಯ್ಯಣ್ಣ ಆಗ ನಗುತ್ತ, "ಮಬ್ಬ ಅಂದ್ರ ನಮ್ಮ ಕಡಿ ದಡ್ಡಗ ಅಂತಾರ್ರಿ. ಈ ಅಜ್ಜಿ ನಮಗ ಬೈಲತ್ತಾಳೇನು? ಯಾವುದರಾಗ ಹಾಕ್ಲಿ, ಹೊಗಿನೋ ಮಂಜೋ?" ಎಂದು ಕೇಳಿದ್ದರು. ಗುಂಡಿ ನಾಲ್ಕನ್ನು ಅವಳು ದಿನಕ್ಕೆ ನೂರು ಸಲ ಒತ್ತಬಲ್ಲವಳಾಗಿದ್ದಳು. ಆದರೆ ತನ್ನ ಊರಿನ ಹೆಸರಿನ ಮುಂದೆ ಆ ಪದವನ್ನು ಬಾಯಿಂದ ಆಡಿ ಹೇಳಲು ಆಗಲಿಲ್ಲ. "ಮಂಜು ಅಂತ ಬರ್ಕೊಳ್ಳಿ ಸಾರ್" ಎಂದುಬಿಟ್ಟಿದ್ದಳು. ಪಟ್ಟಿಯಲ್ಲಿ ಮಬ್ಬಿಗೆ ಎದುರಾಗಿ ಎರಡು ಎಂದು ಬಿತ್ತು.

"ನನ್ನ ಬಾಯಿಗೆ ಬರಲಿಲ್ಲ ಸಾರ್" ಎಂದಳು ಈಗ.

ಅಯ್ಯಣ್ಣ ಕಪ್ಪನ್ನು ಕೆಳಗಿಟ್ಟು ಯಂತ್ರದ ಕಡೆ ತಿರುಗಿದರು. ಹಳೆಯ ಕರೆಗಳೆಲ್ಲ ಯಂತ್ರದಲ್ಲಿ ಉಳಿದಿದ್ದವು. ಕೊತ್ತನಹುಂಡಿಯವನ್ನು ಹುಡುಕಿ ತೆಗೆದು, ಧ್ವನಿವರ್ಧಕಕ್ಕೆ ಹಾಕಿದರು.

ಆರು ಬೆಂಕಿಗಾಲಗಳ ಒಂದು ಸಾವಿರದ ನಾನೂರ ಹನ್ನೆರಡು ಬೆಳಗುಗಳು. ಒಂದು ದಿನವೂ ತಪ್ಪಿಸದ ವರದಿಗಾರ್ತಿ ಎಂದು ಮರಿಮಲ್ಲಮ್ಮನಿಗೆ ಹೋದ ವರ್ಷ ಶಾಲು ಹೊದಿಸಿದ್ದರು. ಮೊದಲ ವರ್ಷದ ದನಿ ಗಟ್ಟಿಯಾಗಿತ್ತು. "ಮಬ್ಬು ಕನವ್ವ. ಅವರೆಕಾಯಿ ಕಳುಸ್ಲಾ?" "ಮಬ್ಬು. ಇವತ್ತು ಕೂಸಿನ ಹುಟ್ಟಿದಬ್ಬ." ಎರಡನೆಯ ವರ್ಷದಲ್ಲಿ ಮಬ್ಬು ಎನ್ನುವ ಮುಂಚೆ ಒಂದು ಕೆಮ್ಮು ಸೇರಿತು. ಮೂರನೆಯ ವರ್ಷ ಆಮೇಲೂ ಒಂದು. ನಾಲ್ಕನೆಯ ವರ್ಷದಿಂದ ಹಿಂದುಗಡೆ ಇನ್ನೊಂದು ಸಣ್ಣ ಕೆಮ್ಮು ಕೇಳಿಸತೊಡಗಿತು. ಮಗುವಿನದು. ಇಂದ್ರಾಣಿ ಅವನ್ನೆಲ್ಲ ತನ್ನ ಕಿವಿಯಾರೆ ಕೇಳಿದವಳು. ಒಂದೊಂದೇ ಬೆಳಿಗ್ಗೆ ಕೇಳಿದಾಗ ಅದು ಅತ್ತೆಯ ದನಿ, ಅಷ್ಟೆ. ಸಾಲಾಗಿ ಕೇಳಿದಾಗ ಮಾತ್ರ ಒಂದು ಕಾಯಿಲೆ ಬೆಳೆಯುತ್ತಿರುವ ಸದ್ದು.

"ನಿಲ್ಲಿಸಿ ಸಾರ್."

"ಯಂತ್ರಕ್ಕ ಈ ಅಜ್ಜಿ ಮ್ಯಾಲೇ ಭಾಳ ನಂಬಿಕಿ ಅದ" ಅಯ್ಯಣ್ಣ ತಮಗೆ ತಾವೇ ಹೇಳಿಕೊಂಡರು. "ಕಣಿವಿ ಒಳಗ ಫೋನ್ ಹತ್ತೋ ಊರು ಅದೊಂದೇ. ಕಣಿವಿ ಮಂಜು ಹ್ಯಾಂಗಿರ್ತದ ಅಂತ ಅದು ಕಲ್ತಿದ್ದೇ ಇವರಿಂದ. ಉಳದ ಇಪ್ಪತ್ತೆರಡು ಊರಿಗೂ ಅದನ್ನೇ ಹಚ್ಚಿ ನೋಡ್ಯಾದ." ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. "ನಾ ಕಲಿಸಿದ್ದು ಅಕ್ಕಾರ. ನೀವೊಂದು ಮಾತು ಹೇಳಿದ್ರಿ. ನಾ ಒಂದ್ ಸಲನೂ ಹೋಗಿ ಮುಂಜಾನಿ ನಿಂತು ನೋಡ್ಲಿಲ್ಲ."

ಪಟ್ಟಿಯಲ್ಲಿ ಎರಡನ್ನು ಅಳಿಸಿ ನಾಲ್ಕು ಎಂದು ಬರೆಯಲು ಒಂದು ಕ್ಷಣ ಸಾಕಾಯಿತು. ಆರು ವರ್ಷದ ಚಿತ್ರಗಳನ್ನು ಯಂತ್ರ ಮತ್ತೆ ಮೊದಲಿನಿಂದ ಓದಲು ನಾಲ್ಕು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಇಂದ್ರಾಣಿ ಬೆಳಿಗ್ಗೆ ಸಿಗದೆ ಉಳಿದವರ ಕರೆಗಳನ್ನು ತೆಗೆದುಕೊಂಡಳು. ಹಿರೀಕೆರೆಹುಂಡಿಯವನು ಎದುರುಮನೆಯ ಚೆನ್ನಂಜಿ ಆಸ್ಪತ್ರೆ ಸೇರಿದಳೆಂದು ಹೇಳಿ, "ಬೈಯಕ್ಕೂ ಯಾರೂ ಇಲ್ದಂಗಾಯ್ತು" ಎಂದು ಫೋನಿಟ್ಟ.

ಸಂಜೆ ಐದಕ್ಕೆ ಗೋಡೆಯ ನಕ್ಷೆ ಬದಲಾಯಿತು. ಬಿಳಿ ಚುಕ್ಕೆಗಳು ಒಟ್ಟಿಗೆ ಹೋಗಲಿಲ್ಲ. ಒಂದು ಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೆರಡು. ಕೊತ್ತನಹುಂಡಿ ಹದಿನೇಳನೆಯದು. ಬಿಳಿಯಿಂದ ಹಳದಿಗೆ ಹೋಗುತ್ತದೆಂದು ಇಂದ್ರಾಣಿ ಅಂದುಕೊಂಡಿದ್ದಳು. ಅದು ನೇರ ಕಂದಾಯಿತು. ಇಪ್ಪತ್ತಮೂರೂ ಮುಗಿದಾಗ ಗೋಡೆಯ ಮೇಲೆ ಬಿಳಿ ಎನ್ನುವುದು ಬಣ್ಣಗಳ ವಿವರಣೆಯ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

"ಸಾರ್, ಎಲ್ಲಿ ಕಮ್ಮಿ ಅದೆ? ಬಿಳಿ ಬೇಡ. ಇದ್ದದ್ರಲ್ಲಿ ಕಮ್ಮಿ. ಅಲ್ಲಿಗೆ ಕರ್ಕೊಂಡೋಯ್ತೀನಿ."

ಅಯ್ಯಣ್ಣ ಹುಡುಕಿದರು. ನಿಜವಾಗಿಯೂ ಹುಡುಕಿದರು. ನಕ್ಷೆಯನ್ನು ಮೈಸೂರಿನವರೆಗೆ ಹಿಗ್ಗಿಸಿದರು, ಹಾಸನದವರೆಗೆ, ಆಚೆ ಸೇಲಂ, ಕೊಯಮತ್ತೂರಿನವರೆಗೆ. ಊರೂರಿನ ಲೆಕ್ಕವನ್ನು ಪಕ್ಕಪಕ್ಕ ಇಟ್ಟರು. ಇಂದ್ರಾಣಿ ಅವರ ಹೆಗಲ ಹಿಂದೆ ನಿಂತು ಪ್ರತಿ ಸಲವೂ "ಇದು?" ಎಂದಳು. ಕೊನೆಗೆ ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ನಿಮಗ ಸುಳ್ಳು ಹೇಳ್ಲೇನು? ಗುಂಡ್ಲುಪೇಟಿ, ಕೊತ್ತನಹುಂಡಿ ನಡುವ ಇರೋ ಫರಕು ನಮ್ಮ ಲೆಕ್ಕದ ತಪ್ಪಿಗಿಂತ ಸಣ್ಣದದ. ಅಂದ್ರ ಫರಕೇ ಇಲ್ಲ. ಎಲ್ಲಾ ಕಡಿನೂ ಅಷ್ಟೇ."

"ನಾಲ್ಕು ವರ್ಷದಿಂದಲೂ ಅಷ್ಟೇನಾ?"

ಅವರು ಹೌದೆಂದು ತಲೆಯಾಡಿಸಿದರು.

 ಧನ್ವಿಗೆ ಹಾಲುಹಲ್ಲು ಬಿದ್ದದ್ದನ್ನು ಇಂದ್ರಾಣಿ ನೋಡಿರಲಿಲ್ಲ. ಮೊದಲ ಸಲ ಹೆಸರು ಬರೆದದ್ದನ್ನು ಫೋನಿನ ಫೋಟೊದಲ್ಲಿ ನೋಡಿದ್ದಳು. ಜ್ವರ ಬಂದಾಗ ಮಗು "ಅಜ್ಜಿ" ಎಂದು ಕನವರಿಸುತ್ತಿತ್ತಂತೆ. ಅದನ್ನೂ ಸಂತೋಷದಿಂದಲೇ ಕೇಳಿ, ಅಲ್ಲಿ ಗಾಳಿ ಚೆನ್ನಾಗಿದೆಯಲ್ಲ ಎಂದುಕೊಂಡಿದ್ದಳು.

ಅಯ್ಯಣ್ಣ ಮೇಲಿನವರಿಗೆ ಫೋನು ಮಾಡಿದರು. ಮಾತು ಬಹಳ ಹೊತ್ತು ನಡೆಯಿತು, ಅದರಲ್ಲಿ ಇವರ ಪಾಲಿನದು "ಹೌದ್ರಿ" ಮತ್ತು "ಖರೆ ಅದರಿ". ಫೋನಿಟ್ಟು ಹೇಳಿದರು: "ಹೊಸ ನಕ್ಷಿ ಈಗ ಬಿಡಬ್ಯಾಡ ಅಂದ್ರು. ಇಪ್ಪತ್ತಮೂರು ಊರಾಗ ಹದಿನೆಂಟು ನೂರು ಮಕ್ಕಳು ಅವ. ಬ್ಯಾರೆ ಜಾಗ ಸಿಗೋತನಕ ಹಳೇದೇ ಇರ್ಲಿ ಅಂತ."

"ಬೇರೆ ಜಾಗ ಎಲ್ಲದೆ ಸಾರ್? ಈಗ ತಾನೇ ನೋಡುದ್ರಲ್ಲ."

"ಅದನ್ನೇ ಹೇಳಿದೆ. ಅವರೂ ತಪ್ಪು ಹೇಳ್ಲಿಲ್ಲ ಅಕ್ಕಾರ. ಇವತ್ತು ಹೇಳಿದ್ರ ನಾಳಿ ತಾಯಂದಿರು ಓಡಿ ಬರ್ತಾರ. ಓಡಿ ಬಂದು, ಕರ್ಕೊಂಡು, ಎಲ್ಲಿಗಿ ಹೋಗ್ತಾರ?"

ಆ ಪ್ರಶ್ನೆಗೆ ಇಂದ್ರಾಣಿಯ ಹತ್ತಿರ ಒಂದೇ ಉತ್ತರವಿತ್ತು, ಅದು ವಿಜ್ಞಾನದ ಉತ್ತರವಲ್ಲ.

"ಎಲ್ಲಾ ಕಡೆ ಅಷ್ಟೇ ಅಂದಮೇಲೆ, ನನ್ನ ಹತ್ರ ಇರ್ಲಿ ಸಾರ್."

ಅಯ್ಯಣ್ಣ ಅವಳನ್ನು ನೋಡಿದರು. ಅವರ ಹೆಂಡತಿ ಮಕ್ಕಳು ಯಾದಗಿರಿಯಲ್ಲಿದ್ದರು. "ಹೋಗಿ ಬರ್ರಿ" ಎಂದರು. "ಅಲ್ಲಿ ನೀವು ಯಾರಿಗಿ ಏನ್ ಹೇಳಿದ್ರಿ ಅಂತ ನಾ ಕೇಳಂಗಿಲ್ಲ."

ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಬಸ್ಸಿಳಿದಾಗ ಕೊತ್ತನಹುಂಡಿ ಎಂದಿನಂತೆಯೇ ಹೊಳೆಯುತ್ತಿತ್ತು. ಮರಿಮಲ್ಲಮ್ಮ ಎಲ್ಲ ಕೇಳಿಸಿಕೊಂಡಳು. ಬಿಳಿ, ಕಂದು, ಗುಂಡಿ, ಪಟ್ಟಿ. ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಾನು ಬಾಯಿ ಬಿಟ್ಟಿದ್ರೆ ಈ ಮಕ್ಕಳನ್ನೆಲ್ಲ ಇಲ್ಲಿಗೆ ತರ್ತಿರಲಿಲ್ಲ ಅನ್ನು."

"ನಾನೂ ಬಿಡಲಿಲ್ಲ ಅತ್ತೆ."

"ನೀನು ಗಂಡ ಸತ್ತೋಳು."

"ನೀವು ಮಗ ಸತ್ತೋರು."

 ಮರಿಮಲ್ಲಮ್ಮ ಒಳಗೆ ಹೋಗಿ ಧನ್ವಿಯ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಒಂದು ಲಂಗವನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ತಾನು ಮಾತ್ರ ಬರುವುದಿಲ್ಲವೆಂದಳು. "ನನಗೆ ಎಲ್ಲಾದ್ರೇನು? ಇಲ್ಲಿ ಅವನು ಅವ್ನೆ."

ಶಾಲೆ ಬಿಡುವ ಹೊತ್ತು. ಧನ್ವಿ ವಸತಿಶಾಲೆಯ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ಎರಡು ಮನೆ ಕುಂಟುವುದು, ನಿಂತು ಉಸಿರು ತೆಗೆದುಕೊಳ್ಳುವುದು, ಮತ್ತೆ ಎರಡು ಮನೆ. ಎಲ್ಲ ಮಕ್ಕಳೂ ಹಾಗೆಯೇ ಆಡುತ್ತಿದ್ದರು. ಆಟದ ನಿಯಮವೇ ಹಾಗೆಂದು ಅವರು ತಿಳಿದಿದ್ದರೆಂದು ತೋರುತ್ತಿತ್ತು. ಅಮ್ಮನ ಕೈಯಲ್ಲಿ ಚೀಲ ನೋಡಿ ಧನ್ವಿ ಅಲ್ಲಿಯೇ ನಿಂತಳು.

"ಮನೆಗೆ ಬಾ ಕೂಸು. ಗುಂಡ್ಲುಪೇಟೆಗೆ."

"ಎಷ್ಟು ದಿನಕ್ಕೆ?"

"ಇನ್ಮೇಲೆ ಅಲ್ಲೇ. ನನ್ನ ಜೊತೇಲೆ."

ಮಗು ಕುಣಿಯುತ್ತದೆಂದು ಇಂದ್ರಾಣಿ ನೆನೆಸಿರಲಿಲ್ಲ. ಅಜ್ಜಿ ಬೇಕೆಂದು ಅಳುತ್ತದೆಂದು ನೆನೆಸಿದ್ದಳು. ಧನ್ವಿ ಎರಡನ್ನೂ ಮಾಡಲಿಲ್ಲ. ಹತ್ತಿರ ಬಂದು, ಸಣ್ಣ ದನಿಯಲ್ಲಿ, "ನಾನು ವಾಸಿ ಆದ್ನಾ?" ಎಂದು ಕೇಳಿದಳು.

ಇಂದ್ರಾಣಿ ಅವಳನ್ನು ಅವಚಿಕೊಂಡಳು. 

ಅಷ್ಟರಲ್ಲಿ ಉಳಿದ ಮಕ್ಕಳು ಸುತ್ತ ಸೇರಿದ್ದರು. ಒಬ್ಬರ ತಾಯಿ ಬಂದು ಕರೆದುಕೊಂಡು ಹೋಗುತ್ತಿರುವುದು ಆ ಶಾಲೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

"ಆಂಟಿ, ನಮ್ಮಮ್ಮಂಗೂ ಬರಕ್ಕೆ ಹೇಳ್ತೀರಾ?" ಎರಡು ಜಡೆಯ ಒಂದು ಹುಡುಗಿ ಕೇಳಿತು. "ನಮ್ಮಮ್ಮನ ನಂಬರ್ ನಂಗೆ ಬಾಯಿಗೆ ಬರ್ತದೆ."

"ನಂಗೂ ಬರ್ತದೆ ಆಂಟಿ!"

"ನಮ್ದು ಬರ್ಕೊಳ್ಳಿ ಆಂಟಿ, ನಮ್ದು ಮೊದ್ಲು!"

ತಪ್ಪಿಹೋದರೆ ಇರಲೆಂದು ಶಾಲೆಯಲ್ಲಿ ಎಲ್ಲರಿಗೂ ಮನೆಯ ನಂಬರು ಬಾಯಿಪಾಠ ಮಾಡಿಸಿದ್ದರು. ಇಂದ್ರಾಣಿ ಮೆಟ್ಟಿಲ ಮೇಲೆ ಕೂತು, ಧನ್ವಿಯ ನೋಟ್‌ಪುಸ್ತಕ ತೆಗೆದು, ಒಂದೊಂದಾಗಿ ಬರೆದುಕೊಂಡಳು. ಮಕ್ಕಳು ಸಾಲಾಗಿ ನಿಂತು, ಮಗ್ಗಿ ಹೇಳುವ ರಾಗದಲ್ಲಿ ಅಂಕಿಗಳನ್ನು ಹೇಳಿದರು. ನಡುವೆ ಉಸಿರು ಸಾಲದೆ ನಿಂತವರಿಗೆ ಹಿಂದಿನವರು ಬೆನ್ನು ಸವರಿದರು. ಅರವತ್ತನಾಲ್ಕು ನಂಬರಾದವು. ಹಾಸ್ಟೆಲ್ ನೋಡಿಕೊಳ್ಳುವ ಮೇಡಂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರಿಗೆ ಮರಿಮಲ್ಲಮ್ಮ ಆಗಲೇ ಫೋನಿನಲ್ಲಿ ಎಲ್ಲ ಹೇಳಿದ್ದಳು. ಅವರು ಬೇಡವೆನ್ನಲಿಲ್ಲ.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಇಂದ್ರಾಣಿ ಮೊದಲ ನಂಬರಿಗೆ ಫೋನು ಮಾಡಿದಳು. ಎರಡು ಜಡೆಯ ಹುಡುಗಿ, ಹೆಸರು ರಕ್ಷಿತಾ, ತಾಯಿ ಬೇಗೂರಿನ ಹತ್ತಿರ ಬಟ್ಟೆ ಹೊಲಿಯುವವಳು.

"ಕೊತ್ತನಹುಂಡಿ ಸ್ಕೂಲಿಂದ ಮಾತಾಡ್ತಿದ್ದೀನಿ. ರಕ್ಷಿತಾ ಅಮ್ಮನಾ?"

"ಅಯ್ಯೋ ಶಿವನೇ, ಏನಾಯ್ತಕ್ಕ ಕೂಸ್ಗೆ?"

"ಏನೂ ಆಗಿಲ್ಲ. ಚೆನ್ನಾಗವಳೆ, ಇಲ್ಲೇ ಪಕ್ಕದಲ್ಲೇ ನಿಂತವಳೆ. ನೀವು ಬಂದು ಮನೆಗೆ ಕರ್ಕೊಂಡೋಗಿ ಅಂತ ಹೇಳಕ್ಕೆ ಮಾಡ್ದೆ."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಮನೆಗಾ? ಮನೆಗೇ ಕರ್ಕೊಂಡು ಬರಬೌದಾ?" ಉಸಿರು ಹಿಡಿದ ಸದ್ದು. "ಅಂಗಾರೆ ನಮ್ಮೂರ್ ಹೊಗೆ ಬುಟ್ಟೋಯ್ತಾ ಅಕ್ಕ? ಮುಗೀತಾ?"

ಇಂದ್ರಾಣಿ ಬಾಯಿ ತೆರೆದಳು. ಅಷ್ಟರಲ್ಲಿ ಆ ಹೆಂಗಸು ಫೋನನ್ನು ಅತ್ತ ಹಿಡಿದು ಮನೆಯೊಳಕ್ಕೆ ಕೂಗಿಬಿಟ್ಟಳು: "ರೀ! ಕೇಳುದ್ರಾ? ಮುಗೀತಂತೆ ಕನ್ರೀ! ಕೂಸ ಕಳುಸ್ತಾರಂತೆ!" ಒಳಗೆ ಯಾರೋ ಏನೋ ಕೇಳಿದರು. ಪಾತ್ರೆಯೊಂದು ಬಿದ್ದು ಉರುಳಿತು. ಒಂದು ಗಂಡಸಿನ ನಗು, ಅದರ ಹಿಂದೆಯೇ ಕೆಮ್ಮು, ಕೆಮ್ಮಿನ ನಡುವೆ ಮತ್ತೆ ನಗು. ಕಿಟಕಿ ತೆಗೆಯಿರಿ ಎಂದು ಯಾರೋ ಹೇಳುತ್ತಿದ್ದರು.

ಅವರ ಗಲಾಟೆ ನಿಲ್ಲಲೆಂದು ಇಂದ್ರಾಣಿ ಫೋನು ಕಿವಿಗೆ ಹಿಡಿದೇ ಕಾದಳು. ರಕ್ಷಿತಾ ಅವಳ ಮೊಣಕೈ ಹಿಡಿದು, "ಏನಂತೆ ಆಂಟಿ? ಬರ್ತಾಳಂತಾ?" ಎಂದು ಜಗ್ಗುತ್ತಿದ್ದಳು. ಗಲಾಟೆ ಬೇಗ ನಿಲ್ಲಲಿಲ್ಲ.